ಟ್ರೈಪಾಡ್ ಮಾರಿ ಮ್ಯಾಕ್ರೋ ತೆಗೆದದ್ದು: ನನ್ನ ಅನುಭವ

ಕೀಟವನ್ನು ಜೀವಗಾತ್ರದಲ್ಲಿ, ಅಂದರೆ ಸೆನ್ಸರಿನ ಮೇಲೆ ಅದರಷ್ಟೇ ದೊಡ್ಡ ಬಿಂಬ ಮೂಡುವಷ್ಟು ಹತ್ತಿರದಿಂದ (ಇದೇ ಮ್ಯಾಕ್ರೋ) ಸೆರೆಹಿಡಿಯಲು ಟ್ರೈಪಾಡ್ ಬೇಕೇ ಬೇಕು ಎಂದು ಧಾರವಾಡದ ಗೆಳೆಯರು ವರ್ಷಗಟ್ಟಲೆ ವಾದಿಸಿದರು. ಕೈಯಲ್ಲೇ ಹಿಡಿದು ತೆಗೆದ ಜಿಗಿಯುವ ಜೇಡದ ಚಿತ್ರವೊಂದನ್ನು ಈಗ ಹದಿನೆಂಟು ಇಂಚು ಅಗಲಕ್ಕೆ ಮುದ್ರಿಸಿದ್ದೇನೆ. ಕಣ್ಣಿನ ಸುತ್ತಲಿನ ರೋಮಗಳು ಒಂದೊಂದಾಗಿ ಕಾಣುತ್ತವೆ. ವಾದ ಮಾಡಿದವರೆಲ್ಲ ಬಂದು ನೋಡಿ ಹೋಗಿದ್ದಾರೆ.

ಟ್ರೈಪಾಡ್‌ಗೆ ಹನ್ನೆರಡು ಸಾವಿರದ ಆಸುಪಾಸು, ಕ್ಯಾಮೆರಾವನ್ನು ಇಷ್ಟಿಷ್ಟೇ ಹಿಂದೆ ಮುಂದೆ ಸರಿಸುವ ಫೋಕಸ್ ರೇಲಿಗೆ ನಾಲ್ಕೈದು ಸಾವಿರ ಸುರಿದಿದ್ದೆ. ಕೆಲಗೇರಿ ಕೆರೆಯ ದಂಡೆಯಲ್ಲಿ ಟ್ರೈಪಾಡಿನ ಕಾಲು ಬಿಡಿಸುವಷ್ಟರಲ್ಲಿ ಹುಳು ಜಾಗ ಖಾಲಿ ಮಾಡಿರುತ್ತಿತ್ತು. ಎರಡನ್ನೂ ಅರ್ಧ ಬೆಲೆಗೆ ಮಾರಿ, ಮೇಲೆ ದುಡ್ಡು ಹಾಕಿ, ನಲವತ್ತು ಸಾವಿರದೊಳಗೆ ಕ್ಯಾನನ್‌ನ 100 ಎಂಎಂ ಎಲ್ ಮ್ಯಾಕ್ರೋ ಲೆನ್ಸನ್ನು ಸೆಕೆಂಡ್ ಹ್ಯಾಂಡ್ ಕೊಂಡೆ. 2009ರಲ್ಲಿ ಬಂದ ಈ ಲೆನ್ಸಿನ ಹೈಬ್ರಿಡ್ ಸ್ಟೆಬಿಲೈಸೇಷನ್ ಕ್ಯಾಮೆರಾದ ಓಲಾಟದ ಜೊತೆಗೆ ಅಡ್ಡ, ಮೇಲೆ-ಕೆಳಗಿನ ಸರಿದಾಟವನ್ನೂ ತಡೆಯುತ್ತದೆ.

ಆದರೂ ಮೊದಲಿಗೆ ಹತ್ತಕ್ಕೆ ಒಂಬತ್ತು ಚಿತ್ರ ಮಸುಕು. ಸ್ಟೆಬಿಲೈಸೇಷನ್ನಿನ ನಾಲ್ಕು ಸ್ಟಾಪಿನ ಲಾಭ (ಒಂದೊಂದು ಸ್ಟಾಪಿಗೂ ಶಟರನ್ನು ಎರಡು ಪಟ್ಟು ನಿಧಾನ ಮಾಡಬಹುದು) ದೂರದ ವಸ್ತುಗಳಿಗೆ. ಜೀವಗಾತ್ರಕ್ಕೆ ಬಂದರೆ ಕಂಪನಿಯೇ ಹೇಳುವುದು ಎರಡು ಸ್ಟಾಪು. ಶಟರ್ 1/500 ಸೆಕೆಂಡಿಗೆ, ಬೆಳಕಿನ ಸೂಕ್ಷ್ಮತೆ ಅಂದರೆ ಐಎಸ್‌ಒ 3200ಕ್ಕೆ ಏರಿಸಿ ನೋಡಿದೆ. ಕಾಳು ಕಾಳಾದ ಚಿತ್ರದಲ್ಲಿ ಕಾಲು ಸ್ಪಷ್ಟ, ಕಣ್ಣು ಮಸುಕು! ಅಂದರೆ ಇದು ಕೈ ನಡುಕವಲ್ಲ, ಫೋಕಸ್ ಹಿಂದೆ ಮುಂದೆ ಜಾರುತ್ತಿದೆ. ಆ ದಿಕ್ಕಿನ ಚಲನೆಯನ್ನು ಲೆನ್ಸಿನ ಸ್ಟೆಬಿಲೈಸೇಷನ್ ಮುಟ್ಟುವುದೇ ಇಲ್ಲ. ದೊಡ್ಡ ಸೆನ್ಸರಿನ ಫುಲ್ ಫ್ರೇಮ್ ಕ್ಯಾಮೆರಾದಲ್ಲಿ, ಜೀವಗಾತ್ರಕ್ಕೆ, ಲೆನ್ಸಿನ ಕಿಂಡಿ ಎಫ್/8 ಇದ್ದಾಗ ಸ್ಪಷ್ಟವಾಗಿ ಸಿಗುವ ಆಳ ಹೆಚ್ಚೂಕಡಿಮೆ ಒಂದು ಮಿಲಿಮೀಟರ್. ಉಸಿರಾಡಿದರೂ ದೇಹ ಅದಕ್ಕಿಂತ ಹೆಚ್ಚು ಕದಲುತ್ತದೆ.

ಹಾಗಾಗಿ ಹಿಂದೆ ಮುಂದೆ ಜಾರುವುದನ್ನು ತಡೆಯುವ ಕೆಲಸವನ್ನು ಎಡಗೈಗೆ ವಹಿಸಿದೆ. ಹುಳು ಕೂತ ಕಡ್ಡಿಯನ್ನು ಹೆಬ್ಬೆರಳು, ತೋರುಬೆರಳಿನಿಂದ ಹಗುರವಾಗಿ ಹಿಡಿದು, ಅದೇ ಕೈಯ ಮಣಿಕಟ್ಟಿನ ಮೇಲೆ ಲೆನ್ಸಿನ ಮುಂಭಾಗ ಊರುತ್ತೇನೆ. ಆಗ ಕಡ್ಡಿ, ಕೈ, ಲೆನ್ಸ್ ಎಲ್ಲವೂ ಒಟ್ಟಿಗೇ ತೂಗುತ್ತವೆ, ನಡುವಿನ ಅಂತರ ಬದಲಾಗುವುದಿಲ್ಲ. ಆಟೋಫೋಕಸ್ ಬಂದ್. ಶಟರ್ ಗುಂಡಿಯನ್ನು ಅರ್ಧ ಒತ್ತಿ, ವ್ಯೂಫೈಂಡರಿನಲ್ಲಿ ಕಾಣುವ ಚಿತ್ರದ ಓಲಾಟ ನಿಲ್ಲುವವರೆಗೆ, ಸುಮಾರು ಅರ್ಧ ಸೆಕೆಂಡು, ಕಾಯಬೇಕು. ಈ ಅರ್ಧ ಸೆಕೆಂಡನ್ನು ಬಹಳ ಜನ ಕೊಡುವುದಿಲ್ಲ. ಆಮೇಲೆ ಮಣಿಕಟ್ಟನ್ನು ಕೂದಲೆಳೆಯಷ್ಟು ಮಡಿಸುತ್ತ ನಾಲ್ಕೈದು ಫ್ರೇಮ್. 1/200, ಎಫ್/10, ಐಎಸ್‌ಒ 400-800, ಜೊತೆಗೆ ಫ್ಲ್ಯಾಶ್. ಈಗ ಹತ್ತಕ್ಕೆ ನಾಲ್ಕಾದರೂ ಕೈಗೆ ಹತ್ತುತ್ತವೆ. ಫ್ಲ್ಯಾಶ್ ಮುಂದಿನ, ಬೆಳಕನ್ನು ಮೃದುವಾಗಿಸುವ ಡಿಫ್ಯೂಸರ್ ನನ್ನದೇ ತಯಾರಿ. ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಐವತ್ತು ರೂಪಾಯಿಯೊಳಗೆ ಸಿಕ್ಕ ವಸ್ತು. ಯಾವುದೆಂದು ಮಾತ್ರ ಹೇಳುವುದಿಲ್ಲ.

ಡಿಸೆಂಬರ್ ಬೆಳಗಿನಲ್ಲಿ ಫ್ಲ್ಯಾಶ್ ಇಲ್ಲದೆಯೂ ಪ್ರಯತ್ನಿಸಿದೆ. ಇಬ್ಬನಿ ಹೊತ್ತು ಮರಗಟ್ಟಿ ಕೂತ ಏರೋಪ್ಲೇನ್ ಚಿಟ್ಟೆ, ಅರ್ಧ ಜೀವಗಾತ್ರ, 1/60. ಸ್ಟೆಬಿಲೈಸೇಷನ್ನಿನ ಪೂರ್ತಿ ಬೆಲೆ ವಸೂಲಾಗುವುದು ಇಲ್ಲಿಯೇ. ಫ್ಲ್ಯಾಶಿನಲ್ಲಿ ಆಗುವಂತೆ ಹಿನ್ನೆಲೆ ಕಪ್ಪಾಗುವುದಿಲ್ಲ, ರೆಕ್ಕೆಯ ನರವೂ ಕರಗುವುದಿಲ್ಲ.

ಗದಗದ ಕಪ್ಪತಗುಡ್ಡದಲ್ಲಿ ಮಾತ್ರ ಬೇರೆ ಕಥೆ. ಗಾಳಿಯಂತ್ರ ತಿರುಗಿಸುವ ಗಾಳಿಗೆ ಹೂವೇ ಕುಣಿಯುತ್ತದೆ, ಅದನ್ನು ಯಾವ ಲೆನ್ಸೂ ಹಿಡಿದು ನಿಲ್ಲಿಸದು. ಗಾಳಿ ಬರುವ ಕಡೆಗೆ ಛತ್ರಿ ಬಿಡಿಸಿಟ್ಟು ನೆಲಕ್ಕೆ ಮಲಗಿ ತೆಗೆದೆ. ಹತ್ತಕ್ಕೆ ಎರಡು ದಕ್ಕಿದವು. ಬೂದು ಬಣ್ಣದ ಛತ್ರಿಯೇ ಒಳ್ಳೆಯದು, ಕೆಂಪು ಛತ್ರಿಯ ಛಾಯೆ ದಳದ ಮೇಲೆ ಬೀಳುತ್ತದೆ.