ಹಾಟ್ ಟಾಡಿ: ನೀರು ಕಾಯಿಸಿ, ವಿಸ್ಕಿಯನ್ನಲ್ಲ

ಹಾಟ್ ಟಾಡಿ ಅಂದರೆ ಬಿಸಿನೀರಿಗೆ ವಿಸ್ಕಿ, ಜೇನು, ನಿಂಬೆರಸ ಬೆರೆಸಿದ ಪಾನೀಯ. ಇದಕ್ಕೆ ವಿಸ್ಕಿಯನ್ನೇ ಪಾತ್ರೆಗೆ ಸುರಿದು ಒಲೆ ಮೇಲಿಡುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಆಲ್ಕೋಹಾಲ್ 78 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಕುದಿಯುತ್ತದೆ, ಆವಿಗೆ ಉರಿ ತಗುಲಿದರೆ ಭಗ್ಗನೆ ಹೊತ್ತಿಕೊಳ್ಳುತ್ತದೆ. ಪರಿಮಳವೂ ಹಾರಿಹೋಗುತ್ತದೆ.

ಪಿಂಗಾಣಿ ಮಗ್‌ಗೆ ಮೊದಲು ಸ್ವಲ್ಪ ಬಿಸಿನೀರು ಹಾಕಿ, ಆಡಿಸಿ ಚೆಲ್ಲಿ. ತಣ್ಣನೆ ಮಗ್‌ನಲ್ಲಿ ಎಲ್ಲ ಬೇಗ ಆರಿಹೋಗುತ್ತದೆ. ಆಮೇಲೆ ಒಂದು ಚಮಚ ಜೇನು, ಎರಡು ಲವಂಗ, ಸಣ್ಣ ತುಂಡು ಚಕ್ಕೆ ಹಾಕಿ, ಕುದಿ ಇಳಿದ 120 ಮಿಲಿ ನೀರು ಸುರಿದು ಮುಚ್ಚಿಡಿ. ನಾಲ್ಕೈದು ನಿಮಿಷಕ್ಕೆ ಲವಂಗ ಘಮ ಬಿಟ್ಟುಕೊಳ್ಳುತ್ತದೆ. ಜೇನು ಪೂರ್ತಿ ಕರಗಿದ ಮೇಲಷ್ಟೇ 45 ಮಿಲಿ ವಿಸ್ಕಿ, ಎರಡು ಚಮಚ ನಿಂಬೆರಸ.

ನಿಂಬೆ ಸಿಪ್ಪೆ ಎಸೆಯಬೇಡಿ, ನನ್ನ ಪ್ರಕಾರ ಅರ್ಧ ರುಚಿ ಅದರಲ್ಲೇ ಇದೆ. ಹಳದಿ ಭಾಗವನ್ನು ಮಾತ್ರ ತೆಳ್ಳಗೆ ಹೆರೆದು, ಮಗ್ ಮೇಲೆ ಹಿಡಿದು ತಿರುಚಿ. ಎಣ್ಣೆಯ ಪುಟ್ಟ ಹನಿಗಳು ಮೇಲೆ ತೇಲುತ್ತವೆ, ಮೂಗಿಗೆ ಮೊದಲು ತಾಗುವುದು ಅದೇ. ಒಳಗಿನ ಬಿಳಿ ಸೇರಿದರೆ ಕಹಿ.

ರಮ್, ಬ್ರಾಂದಿಗೂ ಇದೇ ಕ್ರಮ. ರಮ್‌ಗೆ ಜೇನಿಗಿಂತ ಕಂದು ಸಕ್ಕರೆ ಚೆನ್ನಾಗಿ ಹೊಂದುತ್ತದೆ.

ನೆಗಡಿಗೆ ಅಂತ ಕುಡಿಯುವವರಿಗೆ ಒಂದು ಮಾತು: ಜ್ವರದ್ದೋ, ಅಲರ್ಜಿಯದ್ದೋ, ನಿದ್ದೆಯದ್ದೋ ಮಾತ್ರೆ ತೆಗೆದುಕೊಂಡಿದ್ದರೆ ಅವತ್ತು ವಿಸ್ಕಿ ಬೇಡವೇ ಬೇಡ. ಉಳಿದದ್ದೆಲ್ಲ ಹಾಕಿ ಹಾಗೇ ಕುಡಿಯಿರಿ, ಗಂಟಲಿಗೆ ಅಷ್ಟೇ ಹಿತವಾಗಿರುತ್ತದೆ.