ಪ್ರಮೋಟರ್ ಖರೀದಿ ಹಿಂದೆ ಬಿದ್ದು ದುಡ್ಡು ಮಾಡಿದ್ದು: ನನ್ನ ಅನುಭವ

"ಪ್ರಮೋಟರ್ ಕೊಳ್ಳೋದೆಲ್ಲ ತೋರಿಕೆಗೆ, ಅದನ್ನ ನಂಬಿ ದುಡ್ಡು ಹಾಕ್ತೀಯಾ?" ಅಂತ ನಕ್ಕವರೇ ಈಗ ಫೋನ್ ಮಾಡಿ "ಈ ವಾರ ಯಾರು ಕೊಂಡ್ರು?" ಅಂತಾರೆ. ಅದಕ್ಕೇ ಬರೀತಿದ್ದೀನಿ. ಪ್ರಮೋಟರ್ ಅಂದರೆ ಕಂಪನಿಯ ಹಿಡಿತ ಇಟ್ಟುಕೊಂಡ ಮಾಲೀಕರು.

ಎನ್‌ಎಸ್‌ಇ, ಬಿಎಸ್‌ಇ ಅನ್ನೋ ಷೇರು ವಿನಿಮಯ ಕೇಂದ್ರಗಳ ಸೈಟುಗಳಲ್ಲಿ ಇನ್‌ಸೈಡರ್ ಟ್ರೇಡಿಂಗ್ ಪಟ್ಟಿ ಅಂತ ಇರುತ್ತೆ. ಪ್ರಮೋಟರ್, ಡೈರೆಕ್ಟರ್, ದೊಡ್ಡ ಅಧಿಕಾರಿಗಳಂಥ ಒಳಗಿನವರು ತಮ್ಮದೇ ಕಂಪನಿಯ ಷೇರು ಕೊಂಡ, ಮಾರಿದ ಲೆಕ್ಕ ಅದು. ಒಂದು ತ್ರೈಮಾಸಿಕದಲ್ಲಿ 10 ಲಕ್ಷ ದಾಟಿದ ವಹಿವಾಟು ಅಲ್ಲಿಗೆ ಬರಲೇಬೇಕು. ಎಲ್ಲರ ಕಣ್ಣು ಎಷ್ಟು ಷೇರು ಅನ್ನೋದರ ಮೇಲೆ. ನಾನು ನೋಡೋದು ಹೇಗೆ ಬಂತು ಅನ್ನೋ ಕಾಲಂ. ಇಸಾಪ್ (ನೌಕರರಿಗೆ ಕಂಪನಿ ಕೊಡೋ ಷೇರು), ಗಿಫ್ಟ್, ಮನೆಯವರೊಳಗಿನ ವರ್ಗಾವಣೆ, ಪ್ರಿಫರೆನ್ಷಿಯಲ್ (ಆಯ್ದ ಕೆಲವರಿಗೆ ಕಂಪನಿಯೇ ಹಂಚಿದ್ದು) ಎಲ್ಲ ತೆಗೆದುಹಾಕಿ ಮಾರ್ಕೆಟ್ ಪರ್ಚೇಸ್, ಅಂದರೆ ಷೇರುಪೇಟೆಯಲ್ಲಿ ನಮ್ಮ ಹಾಗೇ ಕೊಂಡದ್ದು ಮಾತ್ರ ಉಳಿಸಿಕೊಳ್ತೀನಿ. ಬೆರಳೆಣಿಕೆಯಷ್ಟು ಸಾಲು ಉಳಿಯುತ್ತೆ. ಹಾಗೆ ಕೊಂಡವರು ಷೇರುಪೇಟೆ ನಿಯಂತ್ರಕ ಸೆಬಿಯ ನಿಯಮದ ಪ್ರಕಾರ ಆರು ತಿಂಗಳು ಮಾರೋ ಹಾಗಿಲ್ಲ, ಅದಕ್ಕೇ ಆ ಸಾಲುಗಳಿಗೆ ತೂಕ. ಮಾರಾಟದ ಕಡೆ ನಾನು ತಲೆಯೇ ಹಾಕಲ್ಲ. ಪ್ರಮೋಟರ್ ಪಾಲನ್ನು ಅದರ 75%ರ ಮಿತಿಗೆ ಇಳಿಸೋಕೆ ಮಾರಿದ್ದೂ ಅಲ್ಲೇ ಇರುತ್ತೆ, ಮನೆ ಕಟ್ಟೋಕೆ ಮಾರಿದ್ದೂ ಅಲ್ಲೇ.

ಮೊದಲ ವರ್ಷ ಒಂದೂಕಾಲು ಲಕ್ಷದಷ್ಟು ಹೋಯ್ತು, ಬಹುಪಾಲು ಒಂದೇ ಸ್ಮಾಲ್‌ಕ್ಯಾಪ್‌ನಲ್ಲಿ. ಪ್ರಮೋಟರ್ ವಾರವಾರ ಹನ್ನೆರಡು, ಹದಿನೈದು ಲಕ್ಷದ್ದು ಕೊಳ್ತಾನೇ ಇದ್ದರು. ಆದರೆ ಅವರ ಪಾಲಿನಲ್ಲಿ ಅರ್ಧಕ್ಕಿಂತ ಹೆಚ್ಚು ಪ್ಲೆಡ್ಜ್, ಅಂದರೆ ಸಾಲಕ್ಕೆ ಅಡ ಆಗಿತ್ತು. ಬೆಲೆ ಬಿದ್ದರೆ ಸಾಲ ಕೊಟ್ಟವರು ಇನ್ನಷ್ಟು ಷೇರು ಅಡ ಇಡು ಅಂತಾರಲ್ಲ, ಆ ಖರೀದಿ ಬೆಲೆಗೆ ಕೊಟ್ಟ ಊರುಗೋಲು ಅಷ್ಟೇ. ಕೊನೆಗೆ ಪ್ಲೆಡ್ಜ್ ಇನ್‌ವೋಕ್ ಆಯ್ತು, ಅಡದ ಷೇರು ಸಾಲ ಕೊಟ್ಟವರ ಕೈ ಸೇರ್ತು. ದಿನಾ ಲೋವರ್ ಸರ್ಕ್ಯೂಟ್ (ಒಂದು ದಿನಕ್ಕೆ ಬೀಳಬಹುದಾದ ಮಿತಿ), ಮಾರೋಕೆ ಆರ್ಡರ್ ಹಾಕಿ ಕೂತರೂ ಕೊಳ್ಳೋರಿಲ್ಲ. ಅಲ್ಲಿಂದ ಪ್ಲೆಡ್ಜ್ ಕಂಡರೆ ಮುಂದಿನ ಸಾಲಿಗೆ ಹೋಗ್ತೀನಿ.

ಕೈ ಹಿಡಿದದ್ದು ಬೇರೆ ಥರದ್ದು. ರಿಸಲ್ಟ್ ಕೆಟ್ಟು ಷೇರು ಮೂವತ್ತು ಪರ್ಸೆಂಟ್ ಬಿದ್ದಿತ್ತು. ರಿಸಲ್ಟ್ ಬಂದು 48 ಗಂಟೆಗೆ ಟ್ರೇಡಿಂಗ್ ವಿಂಡೋ (ಒಳಗಿನವರಿಗೆ ವಹಿವಾಟು ಮಾಡೋಕೆ ಬಿಡೋ ಅವಧಿ) ತೆರೆಯುತ್ತಲ್ಲ, ಅದೇ ವಾರ ಎಂಡಿ, ಸಿಎಫ್‌ಒ (ಹಣಕಾಸಿನ ಮುಖ್ಯಸ್ಥ), ಒಬ್ಬ ಡೈರೆಕ್ಟರ್ ಮೂವರೂ ಬೇರೆ ಬೇರೆಯಾಗಿ ಕೊಂಡರು. ಸಿಎಫ್‌ಒ ಒಬ್ಬರದೇ ನಲವತ್ತು ಲಕ್ಷದ ಹತ್ತಿರ. ಆನ್ಯುಯಲ್ ರಿಪೋರ್ಟ್‌ನಲ್ಲಿ ಅವರ ಸಂಬಳ ನೋಡಿ, ಖರೀದಿಯ ಮೊತ್ತವನ್ನು ಅದರಿಂದ ಭಾಗಿಸಿದೆ. ಆ ಅನುಪಾತ ಎಷ್ಟಿದ್ದರೆ ನಾನು ಇಳೀತೀನಿ ಅನ್ನೋದು ನನ್ನ ಹತ್ತಿರವೇ ಇರಲಿ. 180ರ ಆಸುಪಾಸು ಕೊಂಡಿದ್ದನ್ನು ಒಂದು ವರ್ಷದ ಮೇಲೆ 310ಕ್ಕೋ ಏನೋ ಮಾರಿದೆ. ಹಳೇ ನಷ್ಟ ತೀರಿ ಮೇಲೆ ಚೆನ್ನಾಗಿಯೇ ಉಳೀತು.

ನಡುವೆ ಪ್ರಮೋಟರ್‌ಗಳು ಪಡೆಯೋ ವಾರಂಟ್ (ಮೊದಲೇ ಗೊತ್ತುಮಾಡಿದ ಬೆಲೆಗೆ ಮುಂದೆ ಷೇರು ಪಡೆಯೋ ಹಕ್ಕು) ಹಿಂದೆಯೂ ಹೋಗಿ ನೋಡಿದೆ. 25% ಕಟ್ಟಿ 18 ತಿಂಗಳು ಕಾಯಬಹುದು, ಬೆಲೆ ಬಿದ್ದರೆ ಮುಂಗಡ ಬಿಟ್ಟು ಹೋಗಬಹುದು. ಹಾಗಾಗಿ ವಾರಂಟ್ ಹಂಚಿಕೆಯ ಸುದ್ದಿಯಿಂದ ನನಗೆ ಏನೂ ಗಿಟ್ಟಲಿಲ್ಲ. ಪೇಟೆ ಬೆಲೆ ವಾರಂಟಿನ ಬೆಲೆಗಿಂತ ಕೆಳಗಿದ್ದಾಗಲೂ ಬಾಕಿ 75% ಕಟ್ಟಿದವರನ್ನು ಮಾತ್ರ ಈಗ ಬೇರೆ ಶೀಟ್‌ನಲ್ಲಿ ಇಟ್ಟಿದ್ದೀನಿ, ಇನ್ನೂ ದುಡ್ಡು ಹಾಕಿಲ್ಲ.

ಮಾರ್ಕೆಟ್ ಖರೀದಿಗೆ ವಾಪಸ್ ಬಂದರೆ, ನಿಯಮದಲ್ಲಿ ಕೊಂಡವರು ಕಂಪನಿಗೆ ಹೇಳೋಕೆ ಎರಡು ಟ್ರೇಡಿಂಗ್ ದಿನದ ಗಡುವು, ಕಂಪನಿ ಎಕ್ಸ್‌ಚೇಂಜಿಗೆ ಹೇಳೋಕೆ ಇನ್ನೆರಡು. ಅಷ್ಟರಲ್ಲಿ ಷೇರು ಅವರು ಕೊಟ್ಟ ಬೆಲೆಗಿಂತ ಐದು ಪರ್ಸೆಂಟ್ ಮೇಲೆ ಹೋಗಿದ್ದರೆ ನಾನು ಬಿಟ್ಟುಬಿಡ್ತೀನಿ. ಎಷ್ಟೋ ಸಲ ಅದು ವಾಪಸ್ ಅವರ ಬೆಲೆಗೇ ಬಂದಿದೆ, ಆಗ ಲಿಮಿಟ್ ಆರ್ಡರ್ (ಇಷ್ಟೇ ಬೆಲೆಗೆ ಬೇಕು ಅನ್ನೋ ಆರ್ಡರ್) ಹಾಕಿದರಾಯ್ತು.