ಹಳೇ ರಿಸೀವರ್ ಇಟ್ಟುಕೊಂಡೇ 4ಕೆ ಸಿನಿಮಾ ಓಡಿಸಿದೆ

ಕೊನೆಗೂ ಬಂತು. ಹೋದ ಶನಿವಾರ ರಾತ್ರಿ ನಮ್ಮ ಮನೆ ಗೋಡೆ ಮೇಲೆ, 100 ಇಂಚಿನಲ್ಲಿ, ದುಡ್ಡು ಕೊಟ್ಟು ಕೊಂಡ ಸಿನಿಮಾ 4ಕೆಯಲ್ಲೇ ಓಡಿತು. ಸ್ಪೀಕರ್‌ಗಳನ್ನು ನಡೆಸೋ ಹಳೇ ರಿಸೀವರ್‌ನಲ್ಲಿ 5.1 ಸೌಂಡೂ (ಸುತ್ತಲಿಂದ ಬರೋ ಸದ್ದು) ಬಂತು. "ಅದೆಲ್ಲ ಆಗೋ ಮಾತಲ್ಲ ಮಾರಾಯ, ಹೊಸ ರಿಸೀವರ್ ತಗೋ" ಅಂತ ಹೇಳಿದವರು ನಾಲ್ಕು ಜನ. ನಮ್ಮ ಭಾವನೂ ಅದರಲ್ಲಿ ಒಬ್ಬರು.

ನನ್ನ ಹತ್ತಿರ ಹೀಗೆ ಕೊಂಡ ಸಿನಿಮಾಗಳು 35–40 ಇರಬಹುದು. ಬಾಡಿಗೆಯದ್ದಲ್ಲ, ಖರೀದಿ ಮಾಡಿದ್ದು. ಒಟ್ಟು 20 ಸಾವಿರದ ಹತ್ತಿರ ಹೋಗಿದೆ. ಅಷ್ಟು ಕೊಟ್ಟವನ ಮನೆಯಲ್ಲೇ ಪರದೆ ಕಪ್ಪಾದರೆ ಹೊಟ್ಟೆ ಉರಿಯುತ್ತೆ, ಅಲ್ವಾ?

ರಿಸೀವರ್ 2012ರದ್ದು. ಎಚ್‌ಡಿಎಂಐನಲ್ಲಿ ಹೋಗೋ ಸಿನಿಮಾ ನಕಲಾಗದಂತೆ ಹಾಕೋ ಬೀಗಕ್ಕೆ ಎಚ್‌ಡಿಸಿಪಿ ಅಂತಾರೆ. ಇದರಲ್ಲಿರೋದು ಅದರ 1.4 ಆವೃತ್ತಿ ಮಾತ್ರ, 4ಕೆಗೆ 2.2 ಬೇಕು. ಮಧ್ಯದಲ್ಲಿ ಹಳೇದು ಒಂದಿದ್ದರೂ ಸಾಕು, ಸಿನಿಮಾ ಓಡಿಸೋ ಸ್ಟ್ರೀಮಿಂಗ್ ಬಾಕ್ಸ್ ಚಿತ್ರವನ್ನು 1080ಕ್ಕೆ ಇಳಿಸುತ್ತೆ. ಇಲ್ಲಾಂದ್ರೆ ಏನೂ ತೋರಿಸೋದೇ ಇಲ್ಲ.

ಮೊದಲು ಲ್ಯಾಪ್‌ಟಾಪ್ ಹಚ್ಚಿದೆ. ಬ್ರೌಸರ್‌ನಲ್ಲಿ ಸಿಕ್ಕಿದ್ದು ವೈಡ್‌ವೈನ್ ಎಲ್3 (ನಕಲು ತಡೆಯೋ ವ್ಯವಸ್ಥೆಯ ಅತಿ ಕೆಳಗಿನ ಹಂತ), ಬಂದದ್ದು 480ರ ಚಿತ್ರ. ಅಷ್ಟು ದೊಡ್ಡ ಗೋಡೆ ಮೇಲೆ ಮುಖಗಳೆಲ್ಲ ಮೇಣ ಬಳಿದ ಹಾಗೆ ಕಾಣಿಸಿದವು. ಆಮೇಲೆ 15 ಮೀಟರ್‌ನ ಹೊಸ ಎಚ್‌ಡಿಎಂಐ ಕೇಬಲ್, ಸುಮಾರು 4,500 ರೂಪಾಯಿ. ಬೀಗ ಇದ್ದದ್ದು ರಿಸೀವರ್‌ನಲ್ಲಿ, ನಾನು ಬದಲಾಯಿಸಿದ್ದು ಕೇಬಲ್. ಆ ದುಡ್ಡು ನೀರಿಗೆ ಹೋಯ್ತು. ಮೂರನೇದು, ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತಂದ ಸ್ಪ್ಲಿಟ್ಟರ್ (ಒಂದು ಎಚ್‌ಡಿಎಂಐಯನ್ನು ಎರಡಾಗಿ ಹಂಚೋ ಡಬ್ಬ), 1,800. ಡಬ್ಬದ ಮೇಲೆ 2.2 ಅಂತ ಬರೆದಿತ್ತು. 20 ನಿಮಿಷಕ್ಕೊಮ್ಮೆ ಚಿತ್ರ ಹೋಗಿ ಮೂರ್ನಾಲ್ಕು ಸೆಕೆಂಡ್ ಕತ್ತಲು. ಮಗಳು ಬೇಸತ್ತು ಎದ್ದು ಹೋದಳು.

ಬೀಗವನ್ನೇ ಕಳಚಿ ಹಾಕೋ ಡಬ್ಬಗಳೂ ಇವೆ ಅಂತ ಒಬ್ಬ ಗೆಳೆಯ ಹೇಳಿದ. ನಾನು ಒಪ್ಪಲಿಲ್ಲ. ನಮ್ಮ ಕಾಪಿರೈಟ್ ಕಾಯ್ದೆಗೆ 2012ರಲ್ಲೇ 65ಎ ಸೇರಿಸಿದ್ದಾರೆ, ಹಕ್ಕು ಉಲ್ಲಂಘಿಸೋ ಉದ್ದೇಶದಿಂದ ಇಂಥ ಬೀಗ ಮುರಿದರೆ ಶಿಕ್ಷೆ ಅನ್ನೋ ಕಲಮು ಅದು. ಅದಕ್ಕಿಂತ ಹೆಚ್ಚಾಗಿ, ದುಡ್ಡು ಕೊಟ್ಟವನು ಕಳ್ಳದಾರಿ ಯಾಕೆ ಹಿಡೀಬೇಕು?

ನಡುವೆ ಇನ್ನೊಂದು ಪ್ರಯೋಗ ಮಾಡಿದೆ. 4ಕೆ ಬ್ಲೂ-ರೇ ಡ್ರೈವ್ ಎರವಲು ತಂದು ಕಂಪ್ಯೂಟರ್‌ಗೆ ಜೋಡಿಸಿದೆ. ಓಡಲಿಲ್ಲ. ಅಧಿಕೃತ ಸಾಫ್ಟ್‌ವೇರ್‌ಗೆ ಇಂಟೆಲ್ ಪ್ರೊಸೆಸರ್‌ನಲ್ಲಿ ಎಸ್‌ಜಿಎಕ್ಸ್ ಅನ್ನೋ ಸುರಕ್ಷಿತ ಭಾಗ ಇರಬೇಕಿತ್ತು. ಡೆಸ್ಕ್‌ಟಾಪ್‌ಗಳಲ್ಲಿ 11ನೇ ತಲೆಮಾರಿನಿಂದ ಅದನ್ನು ತೆಗೆದಿದ್ದಾರೆ. ನನ್ನದು 12ನೇದು. ಹಳೇ ಕಂಪ್ಯೂಟರ್ ಇದ್ದವರಿಗೆ ಸಿನಿಮಾ ಇತ್ತು, ಹೊಸದು ಕೊಂಡವರಿಗೆ ಇಲ್ಲ! ಎರಡು ಭಾನುವಾರ ಅದರಲ್ಲೇ ಕಳೆದವು.

ಆಮೇಲೆ ಹೊಳೆಯಿತು: ರಿಸೀವರ್‌ಗೆ ಚಿತ್ರ ಯಾಕೆ ಬೇಕು? ಅದಕ್ಕೆ ಸೌಂಡ್ ಸಾಕಲ್ಲ. ಬಾಕ್ಸ್‌ನಿಂದ 2.2 ಇರೋ ಆಡಿಯೋ ಎಕ್ಸ್‌ಟ್ರಾಕ್ಟರ್‌ಗೆ (ಸೌಂಡನ್ನು ಬೇರೆ ಮಾಡಿ ಕೊಡೋ ಡಬ್ಬ), ಅಲ್ಲಿಂದ ಎಚ್‌ಡಿಎಂಐ ನೇರ ಪ್ರೊಜೆಕ್ಟರ್‌ಗೆ, ಆಪ್ಟಿಕಲ್ ವೈರ್ ಮಾತ್ರ ರಿಸೀವರ್‌ಗೆ. ಎಕ್ಸ್‌ಟ್ರಾಕ್ಟರ್ ಬೆಲೆ 2,600 ಇರಬೇಕು.

ಮೊದಲ ದಿನ ಚಿತ್ರ ಚೆನ್ನಾಗಿ ಬಂತು, ಆದರೆ ಸೌಂಡ್ ಬರೀ ಸ್ಟೀರಿಯೋ. ಭಾವ "ನಾನು ಹೇಳಲಿಲ್ವಾ" ಅಂದರು. ಎರಡು ರಾತ್ರಿ ತಲೆ ಕೆಡಿಸಿಕೊಂಡೆ. ಎಕ್ಸ್‌ಟ್ರಾಕ್ಟರ್ ಪಕ್ಕದಲ್ಲಿ ಉಗುರಿನಷ್ಟು ಸಣ್ಣ ಸ್ವಿಚ್ ಇದೆ: ಪಾಸ್, 2.0, 5.1. ಪಾಸ್‌ನಲ್ಲಿದ್ದರೆ "ನನಗೆ ಎರಡೇ ಚಾನೆಲ್ ಗೊತ್ತು" ಅಂತ ಪ್ರೊಜೆಕ್ಟರ್ ಹೇಳೋ ಮಾತು ಬಾಕ್ಸ್‌ಗೆ ಹೋಗುತ್ತೆ. ಬಾಕ್ಸ್ ಅಷ್ಟನ್ನೇ ಕಳಿಸುತ್ತೆ. ಬೆಂಕಿಕಡ್ಡಿ ತುದಿಯಿಂದ ಸ್ವಿಚ್ಚನ್ನು 5.1ಕ್ಕೆ ತಳ್ಳಿದೆ. ಬಾಕ್ಸ್‌ನ ಸೌಂಡ್ ಸೆಟ್ಟಿಂಗನ್ನು ಆಟೋದಿಂದ ಡಾಲ್ಬಿ ಡಿಜಿಟಲ್‌ಗೆ ಹಾಕಿದೆ, ಡಾಲ್ಬಿ ಡಿಜಿಟಲ್ ಪ್ಲಸ್‌ಗೆ ಅಲ್ಲ, ಅದು ಆಪ್ಟಿಕಲ್ ವೈರ್‌ನಲ್ಲಿ ಹೋಗೋದಿಲ್ಲ. ರಿಸೀವರ್ ಮುಖದಲ್ಲಿ ವರ್ಷಗಳಿಂದ ಸುಮ್ನೆ ಇದ್ದ ನೀಲಿ ದೀಪ ಹತ್ತಿಕೊಂಡಿತು. ಹಿಂದಿನ ಸ್ಪೀಕರ್‌ನಿಂದ ಮಳೆ ಸದ್ದು ಬಂದಾಗ ಹೆಂಡತಿ ಕಿಟಕಿ ಹಾಕೋಕೆ ಎದ್ದಳು.

ಕತ್ತಲಾಗೋ ತೊಂದರೆ ಈಗ ಇಲ್ಲ. ಮೂರು ಯಂತ್ರಗಳಲ್ಲಿ ಯಾವುದನ್ನು ಮೊದಲು ಆನ್ ಮಾಡಬೇಕು, ನಡುವೆ ಎಷ್ಟು ಹೊತ್ತು ಬಿಡಬೇಕು ಅನ್ನೋದಕ್ಕೆ ಒಂದು ಕ್ರಮ ಇದೆ. ಅದನ್ನು ಹೇಳೋದಿಲ್ಲ, ನಾನು ಕಷ್ಟಪಟ್ಟು ಹುಡುಕಿದ್ದು. ಒಂದು ಸಂಜೆ ಕೂತರೆ ನಿಮಗೂ ಸಿಗುತ್ತೆ.

ಹೊಸ ರಿಸೀವರ್‌ಗೆ ಭಾವ ಹೇಳಿದ ರೇಟು 65 ಸಾವಿರ. ತಪ್ಪು ದಾರಿಯ ಖರ್ಚೂ ಸೇರಿ ನನ್ನದು 9 ಸಾವಿರ ದಾಟಿಲ್ಲ. ತಲೆ ಮೇಲಿನಿಂದಲೂ ಸದ್ದು ಬರೋ ಆಟ್ಮಾಸ್ ಮಾತ್ರ ಈ ದಾರಿಯಲ್ಲಿ ಬರೋದಿಲ್ಲ, ಆಪ್ಟಿಕಲ್‌ಗೆ ಅಷ್ಟು ಜಾಗ ಇಲ್ಲ. ಮುಂದಿನ ಶನಿವಾರ ಭಾವ ಸಿನಿಮಾ ನೋಡೋಕೆ ಬರ್ತಾರೆ.